ಮೂರನೇ ಸೀಟು

ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ಬೆಳಗಿನ ಟ್ರೇನಿನಲ್ಲಿ ಜನರಿಗೆ ಹೆಸರಿಗಿಂತ ಊರೇ ಗುರುತು. ಹಾಗಾಗಿ ನನ್ನ ಇಬ್ಬರು ಗೆಳತಿಯರು ನನಗೆ ಇವತ್ತಿಗೂ ಚಾಂಪಿಯನ್‌ನವಳು ಮತ್ತು ಕಾಮಸಮುದ್ರದವಳು. ಮೊದಲನೆಯವಳು ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಲ್ಲಿ, ಗಣಿ ಕೆಲಸಗಾರರ ಲೈನು ಮನೆಯಲ್ಲಿ ಬೆಳೆದವಳು. ತಾತ ಗಣಿಗೆ ಇಳಿಯುತ್ತಿದ್ದರು. ಗಣಿ ಮುಚ್ಚಿದ ಮೇಲೆ ಅಪ್ಪ ಬೆಂಗಳೂರಿಗೆ ಪೇಂಟಿಂಗ್ ಕೆಲಸಕ್ಕೆ ಇದೇ ಟ್ರೇನಿನಲ್ಲಿ ಹೋಗುತ್ತಿದ್ದರು. ಎರಡನೆಯವಳ ಮನೆಯಲ್ಲಿ ಹೊಲವಿದೆ, ಹಸುಗಳಿವೆ, ಡೈರಿಗೆ ಹಾಲು ಹೋಗುತ್ತದೆ. ಅವಳು ಬಸ್ಸಿನಲ್ಲಿ ಬಂದು ಬಂಗಾರಪೇಟೆಯಲ್ಲಿ ಟ್ರೇನು ಹತ್ತುತ್ತಿದ್ದಳು. ನಾನು ಬಂಗಾರಪೇಟೆಯವಳೇ.

ಬಂಗಾರಪೇಟೆಗೆ ಬರುವಷ್ಟರಲ್ಲಿ ಆ ಟ್ರೇನಿನಲ್ಲಿ ಸೀಟು ಸಿಕ್ಕುವ ಮಾತೇ ಇಲ್ಲ. ಮೊದಲು ಹತ್ತುವವರು ತಮ್ಮವರಿಗೆ ಹಿಡಿಯಬೇಕು. ಚಾಂಪಿಯನ್‌ನವಳು ಕಿಟಕಿ ಪಕ್ಕ ಕೂತು, ವೇಲು ತೆಗೆದು ಉಳಿದ ಎರಡು ಸೀಟಿನ ಮೇಲೆ ಹಾಸಿಬಿಡುತ್ತಿದ್ದಳು. ಯಾರಾದರೂ ಕೇಳಿದರೆ "ಆಳ್ ವರುದು" ಎನ್ನುತ್ತಿದ್ದಳು ತಮಿಳಿನಲ್ಲಿ, ಜನ ಬರ್ತಾರೆ ಅಂತ. ಜಗಳಕ್ಕೆ ಬಂದರೆ ಅವಳೂ ಸೆರಗು ಕಟ್ಟಿದವಳಂತೆ ಎದ್ದು ನಿಲ್ಲುತ್ತಿದ್ದಳು. ಇದಕ್ಕೊಂದು ಕಟ್ಟುಪಾಡೂ ಇತ್ತು: ಬಂಗಾರಪೇಟೆವರೆಗೆ ಹಿಡಿಯಬಹುದು, ಅಲ್ಲೂ ನಿಮ್ಮವರು ಹತ್ತದಿದ್ದರೆ ಬಾಯಿ ಮುಚ್ಚಿಕೊಂಡು ಬಿಟ್ಟುಕೊಡಬೇಕು. ಕಾಲೇಜಿನ ವರ್ಷಗಳು, ಆಮೇಲೆ ಕೆಲಸದ ವರ್ಷಗಳು, ನಾವಿಬ್ಬರೂ ಅವಳು ಹಿಡಿದಿಟ್ಟ ಸೀಟಿನಲ್ಲೇ ಕೂತು ಹೋದೆವು.

ಟೇಕಲ್ ಸ್ಟೇಷನ್ ದಾಟಿದ ಮೇಲೆ ಡಬ್ಬಿಗಳು ತೆರೆಯುತ್ತಿದ್ದವು. ಚಾಂಪಿಯನ್‌ನವಳ ಅಮ್ಮ ಮಾಡುವ ಕರುವಾಡು, ಅಂದರೆ ಒಣಮೀನಿನ ತೊಕ್ಕು, ಕಾಮಸಮುದ್ರದವಳಿಗೆ ಪ್ರಾಣ. ತನ್ನ ಮುದ್ದೆ ಉಪ್ಸಾರನ್ನು ನಮಗೆ ತಳ್ಳಿ, ಆ ಡಬ್ಬಿಯ ತಳವನ್ನು ಬೆರಳಿನಲ್ಲಿ ಬಳಿದು ನೆಕ್ಕುತ್ತಿದ್ದಳು. "ಲೇ, ಡಬ್ಬಿನಾದ್ರೂ ಬಿಡೇ," ಎಂದು ನಾನು ರೇಗಿಸುತ್ತಿದ್ದೆ. ಒಂದು ದಿನ ಒಂಟಿ ಕಾಲಲ್ಲಿ ನಿಂತ ಜನರ ನಡುವೆ ಕೂತು ಮೂವರೂ ಮಾತಾಡಿಕೊಂಡೆವು, ಎಂದಾದರೂ ಯುರೋಪಿನ ಟ್ರೇನಿನಲ್ಲಿ ಕಾಲು ಚಾಚಿಕೊಂಡು ಹೋಗೋಣ ಅಂತ. ತಮಾಷೆಗೆ ಆಡಿದ ಮಾತು. ಆದರೆ ಅವರಿಬ್ಬರೂ ಸಾಲ ಸೋಲ ಮಾಡಿ ಓದಲಿಕ್ಕೆ ಬರ್ಲಿನ್ನಿಗೆ ಹೋದರು, ಒಂದೇ ಮನೆಯಲ್ಲಿ ಇಳಿದುಕೊಂಡರು. ಕಳೆದ ಚಳಿಗಾಲದಲ್ಲಿ ನನ್ನ ಕಚೇರಿಯವರೂ ನನ್ನನ್ನು ತರಬೇತಿಗೆಂದು ಜರ್ಮನಿಗೆ ಕಳಿಸಿದರು. ನಾನು ಅದಕ್ಕೆ ರಜೆ ಸೇರಿಸಿ, ಬರ್ಲಿನ್ನಿನಿಂದ ಪ್ರಾಗ್‌ಗೆ ಮೂರು ಸೀಟು ಒಟ್ಟಿಗೆ ಬುಕ್ ಮಾಡಿದೆ. ಅದು ನನ್ನ ಜೀವನದ ದೊಡ್ಡ ಸಡಗರ.

ಬರ್ಲಿನ್ ಸ್ಟೇಷನ್ನಿನಲ್ಲಿ ಚಾಂಪಿಯನ್‌ನವಳು ಒಬ್ಬಳೇ ನಿಂತಿದ್ದಳು.

"ಇನ್ನೊಬ್ಬಳು ಎಲ್ಲೇ?" ಎಂದೆ.

"ಬಾ ಡೀ, ಮೊದ್ಲು ಟೀ ಕುಡಿ. ಚಳಿಗೆ ನಿನ್ ಮೂತಿ ನೋಡಕ್ಕಾಗ್ತಿಲ್ಲ."

ಅವಳು ಕರೆದುಕೊಂಡು ಹೋದದ್ದು ಊರಾಚೆಯ ಒಂದು ಸಣ್ಣ ರೂಮಿಗೆ. ಒಂದು ಮಂಚ, ಒಂದು ಒಲೆ, ಒಂದು ತಟ್ಟೆ. ಅವಳ ಅಮ್ಮ ಕಳಿಸಿದ್ದ ತೊಕ್ಕಿನ ಬಾಟಲಿಯನ್ನು ನಾನು ಸೂಟ್‌ಕೇಸಿನಿಂದ ತೆಗೆದುಕೊಟ್ಟೆ. ಅದನ್ನು ಬಿಚ್ಚದೆ ಕಿಟಕಿಯ ಹತ್ತಿರ ಇಟ್ಟು, ಮಧ್ಯಾಹ್ನವೇ ಕತ್ತಲಾಗುವ ಆ ಊರಿನ ಬೀದಿಯನ್ನು ನೋಡುತ್ತಾ ಹೇಳಿದಳು.

ಮೊದಲು ಇದ್ದ ಮನೆಯಲ್ಲಿ ನಮ್ಮ ಕಡೆಯ ಹುಡುಗಿಯರೇ ಇನ್ನೂ ಮೂವರಿದ್ದರು. ಒಂದು ದಿನ ಅಡುಗೆ ಮಾಡುವಾಗ ನಗುನಗುತ್ತಲೇ ಇವಳ ಮನೆದೇವರು ಯಾವುದು, ಕೆಜಿಎಫ್‌ನಲ್ಲಿ ಯಾವ ಲೈನು ಎಂದು ಕೇಳಿದರು. ಇವಳು ಮುಚ್ಚುಮರೆಯಿಲ್ಲದೆ ಹೇಳಿದಳು. ಮರುದಿನದಿಂದ ಇವಳ ಬಾಣಲೆ, ತಟ್ಟೆ, ಲೋಟ ಬೇರೆ ಕಪಾಟಿಗೆ ಹೋದವು. ಮೀನಿನ ವಾಸನೆ ಅಂತ ನೆಪ. ಅವರೆಲ್ಲ ಮೀನು ತಿನ್ನುವವರೇ. ಆಮೇಲೆ ಊಟದ ಟೇಬಲ್ಲಿಗೆ ಕರೆಯುವುದೂ ನಿಂತಿತು.

"ಅವ್ಳು?" ಎಂದೆ.

"ಅಲ್ಲೇ ಕೂತಿದ್ಳು. ತಟ್ಟೆ ನೋಡ್ಕೊಂಡು ತಿಂತಿದ್ಳು." ಅವಳ ದನಿ ಗಟ್ಟಿಯಾಯಿತು. "ಅಷ್ಟು ವರ್ಷ ಅವ್ಳಿಗೆ ಸೀಟ್ ಹಿಡ್ದೆ ಡೀ ನಾನು. ಗಂಡಸ್ರ ಹತ್ರ ಬೈಸ್ಕೊಂಡು ಹಿಡ್ದೆ. ಅವ್ಳ ಪಕ್ಕ ನಂಗೊಂದು ಕುರ್ಚಿ ಹಿಡಿಯಕ್ಕಾಗ್ಲಿಲ್ವಾ ಅವ್ಳಿಗೆ?"

ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡವಳು ನಾನು. ಮರುದಿನವೇ ಕಾಮಸಮುದ್ರದವಳನ್ನು ಅವಳ ಕಾಲೇಜಿನ ಹತ್ತಿರದ ಕಾಫಿ ಅಂಗಡಿಗೆ ಕರೆಸಿದೆ. ಹೇಗಿದ್ದೀಯ ಎಂದೂ ಕೇಳದೆ ಝಾಡಿಸಿದೆ.

"ನಾನೇನೂ ಅನ್ಲಿಲ್ಲ ಕಣೇ," ಎಂದಳು.

"ಅದನ್ನೇ ಕೇಳ್ತಿರೋದು. ಯಾಕೆ ಏನೂ ಅನ್ಲಿಲ್ಲ?"

ಅವಳು ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಳು. ತೆಳ್ಳಗಾಗಿದ್ದಳು. "ಅವರಲ್ಲಿ ಒಬ್ಳು ನಮ್ ಮಾವನ ಕಡೆ ನೆಂಟ್ರು ಕಣೇ. ಇಲ್ಲಿ ಒಂದ್ ಮಾತಾಡಿದ್ರೆ ಊರಿಗೆ ಸುದ್ದಿ ಓಗ್ತದೆ. ಚಾಂಪಿಯನ್‌ನವಳ ಕೈ ಅಡುಗೆ ತಿಂತೀನಿ ಅಂತ ಗೊತ್ತಾದ್ರೆ ಅಪ್ಪ ಸುಮ್ಕಿರ್ತಾನಾ? ಓದು ಬಿಟ್ಟು ಬಾ ಅಂದ್ರೆ ಏನ್ ಮಾಡ್ಲಿ?"

"ಟ್ರೇನಲ್ಲಿ ಡಬ್ಬಿ ನೆಕ್ತಿದ್ದೆಯಲ್ಲೇ!"

"ಟ್ರೇನಲ್ಲಿ ಯಾರ್ ನೋಡ್ತಿದ್ರು," ಎಂದಳು. ಹೇಳಿದ ಮೇಲೆ ಅವಳಿಗೇ ನಾಚಿಕೆಯಾಗಿರಬೇಕು, ಮುಖ ತಿರುಗಿಸಿದಳು.

ಆ ಮಾತು ನನಗೆ ಈಗಲೂ ಚುಚ್ಚುತ್ತದೆ. ಅಷ್ಟು ವರ್ಷದಲ್ಲಿ ನಾವು ಮೂವರು ಒಬ್ಬರ ಮನೆಯಲ್ಲಿ ಒಬ್ಬರು ಉಂಡಿರಲಿಲ್ಲ. ಉಣ್ಣಲಿಕ್ಕೆ ಟ್ರೇನಿತ್ತು, ಅದು ಯಾರ ಮನೆಯೂ ಆಗಿರಲಿಲ್ಲ. ಅಲ್ಲಿ ಒಲೆ ಇರಲಿಲ್ಲ, ಕಪಾಟು ಇರಲಿಲ್ಲ, ನೆಂಟರು ಇರಲಿಲ್ಲ. ಸಮುದ್ರ ದಾಟಿ ಬಂದು ಅವರಿಬ್ಬರಿಗೆ ಮೊದಲ ಸಲ ಒಂದೇ ಒಲೆ ಸಿಕ್ಕಿದಾಗ ಊರು ಅವರಿಗಿಂತ ಮುಂಚೆ ಅಲ್ಲಿ ಬಂದು ಕೂತಿತ್ತು.

ಎದ್ದು ಬರುವಾಗ ನಾಳೆಯ ಟ್ರೇನಿನ ಹೊತ್ತು, ಬೋಗಿ, ಸೀಟು ಎಲ್ಲ ಹೇಳಿದೆ. ಅವಳ ಮನೆ ಬರ್ಲಿನ್ನಿನ ದಕ್ಷಿಣಕ್ಕೆ; ಟ್ರೇನು ದೊಡ್ಡ ಸ್ಟೇಷನ್ ಬಿಟ್ಟ ಮೇಲೆ ಅಲ್ಲೊಂದು ಸಲ ನಿಲ್ಲುತ್ತದೆ. "ನಿಂಗೆ ಅದೇ ಬಂಗಾರಪೇಟೆ. ಹತ್ತು," ಎಂದೆ.

"ನೋಡ್ತೀನಿ," ಎಂದಳು.

ರಾತ್ರಿಯೇ ಚಾಂಪಿಯನ್‌ನವಳಿಗೆ ಇದನ್ನು ಹೇಳಿದೆ. ಬೆಳಿಗ್ಗೆ ಟ್ರೇನು ಹತ್ತಿದೆವು. ಕ್ರಿಸ್‌ಮಸ್ ರಜೆ, ನಮ್ಮ ಊರಿನ ಟ್ರೇನಿನಷ್ಟೇ ಜನ. ನಡುವೆ ನಿಂತವರೂ ಇದ್ದರು. ಅವಳು ಕಿಟಕಿಯ ಪಕ್ಕ ಕೂತಳು, ನಾನು ಅವಳೆದುರು. ಅವಳು ಕುತ್ತಿಗೆಯ ಮಫ್ಲರ್ ಬಿಚ್ಚಿ ತನ್ನ ಪಕ್ಕದ ಸೀಟಿನ ಮೇಲೆ ಹಾಸಿದಳು. ನಾನು ಕಿಟಕಿ ನೋಡುವವಳಂತೆ ಮುಖ ತಿರುಗಿಸಿದೆ, ಕಣ್ಣು ತುಂಬಿಬಂದಿತ್ತು.

ದಕ್ಷಿಣದ ಸ್ಟೇಷನ್ ಬಂತು. ನಾನು ಬಾಗಿಲವರೆಗೆ ಹೋಗಿ ಇಣುಕಿದೆ. ಕರಿ ಕೋಟುಗಳ ಗುಂಪಿನಲ್ಲಿ ಯಾರು ಯಾರೋ ತಿಳಿಯಲಿಲ್ಲ. ಬಾಗಿಲು ಮುಚ್ಚಿತು, ಟ್ರೇನು ಹೊರಟಿತು.

ವಾಪಸ್ಸು ಬಂದು ಕೂತೆ. ಬೆನ್ನಿಗೆ ಚೀಲ ಹಾಕಿಕೊಂಡ ಹುಡುಗನೊಬ್ಬ ಮಫ್ಲರ್ ತೋರಿಸಿ ಏನೋ ಕೇಳಿದ. ಚಾಂಪಿಯನ್‌ನವಳು ಜರ್ಮನ್‌ನಲ್ಲಿ ಉತ್ತರ ಕೊಟ್ಟಳು, ಅವನು ಮುಂದೆ ಹೋದ.

"ಏನಂದೆ?"

"ಆಳ್ ವರುದು ಅಂದೆ."

"ಬಂಗಾರಪೇಟೆ ದಾಟಿತಲ್ಲೇ," ಎಂದೆ ಮೆಲ್ಲಗೆ.

"ಗೊತ್ತು, ಸುಮ್ನಿರು."

ಆ ಮಫ್ಲರಿನ ಪಕ್ಕ ಕೂತು ಅವಳು ಎರಡು ಗಂಟೆ ಹೊರಗಿನ ಬೋಳು ಹೊಲಗಳನ್ನು ನೋಡಿದಳು. ಕೇಳಿದವರಿಗೆಲ್ಲ ಅದೇ ಉತ್ತರ. ಡ್ರೆಸ್ಡನ್‌ನಲ್ಲಿ ಊರುಗೋಲು ಹಿಡಿದ ಒಬ್ಬಾಕೆ ಹತ್ತಿ ಸೀಟಿನ ಬೆನ್ನನ್ನು ಹಿಡಿದು ನಿಂತಳು, ಏನೂ ಕೇಳಲಿಲ್ಲ. ಚಾಂಪಿಯನ್‌ನವಳು ಮಫ್ಲರನ್ನು ಎತ್ತಿ, ಮಡಿಸಿ, ತೊಡೆಯ ಮೇಲೆ ಇಟ್ಟುಕೊಂಡಳು. ಆಕೆ ಕೂತಳು.

ಗಡಿ ದಾಟಿದ ಮೇಲೆ ನನ್ನ ಫೋನಿಗೆ ಮೆಸೇಜು ಬಂತು. ಕಾಮಸಮುದ್ರದವಳದು. "ಪ್ಲಾಟ್‌ಫಾರ್ಮಿಗೆ ಬಂದಿದ್ದೆ ಕಣೇ. ನಿನ್ನ ನೋಡಿದೆ. ಹತ್ತೋಕೆ ಕಾಲೇ ಬರ್ಲಿಲ್ಲ. ಸೀಟ್ ಹಿಡ್ದಿದ್ಳಾ?"

ನಾನು ಫೋನನ್ನು ಹಾಗೆಯೇ ಚಾಂಪಿಯನ್‌ನವಳ ಕೈಗೆ ಕೊಟ್ಟೆ. ಅವಳು ಓದಿದಳು. ಇನ್ನೊಂದು ಸಲ ಓದಿದಳು. ಆಮೇಲೆ ವಾಪಸ್ಸು ಕೊಟ್ಟು, ಮಡಿಸಿದ ಮಫ್ಲರನ್ನು ಕುತ್ತಿಗೆಗೆ ಸುತ್ತಿಕೊಂಡಳು.

"ಡ್ರೆಸ್ಡನ್‌ವರೆಗೂ ಇತ್ತು ಅಂತ ಬರಿ," ಎಂದಳು.