ಅಕ್ಕ ಕುಡಿದ ಅಣಬೆ ಕಷಾಯ

ನನ್ನ ಅಕ್ಕ ದರ್ಜಿ. ಬಾಯಲ್ಲಿ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡೇ ಗಿರಾಕಿಗಳ ಜೊತೆ ಜಗಳ ಆಡುವಂಥ ಗಟ್ಟಿಗಿತ್ತಿ. ಅಮ್ಮ ಎದೆಯ ಕ್ಯಾನ್ಸರಿನಿಂದ ಹೋದಮೇಲೆ ನನ್ನನ್ನು ಓದಿಸಿದ್ದು ಅವಳ ಹೊಲಿಗೆ ಮಿಷನ್ನು. ವರ್ಷಕ್ಕೊಂದು ದಿನ ಅಂಗಡಿ ಬಾಗಿಲು ಹಾಕಿ, ಆಸ್ಪತ್ರೆಗೆ ಹೋಗಿ ಎದೆ ಪರೀಕ್ಷೆ ಮಾಡಿಸಿಕೊಂಡು ಬರುತ್ತಿದ್ದಳು. "ಅಮ್ಮನ ಹಾಗೆ ಹೆದರಿ ಬಚ್ಚಿಟ್ಕೊಳ್ಳೋಳಲ್ಲ ನಾನು" ಅನ್ನುತ್ತಿದ್ದಳು.

ಅಂಥವಳು ಆಸ್ಪತ್ರೆ ದಾರಿ ಮರೆಯುವ ಹಾಗೆ ಮಾಡಿದವನು ನಾನು. ಹೇಳೋಕೆ ನಾಚಿಕೆ ಆಗುತ್ತೆ, ಆದರೂ ಹೇಳ್ತೀನಿ.

ನಾನು ಲ್ಯಾಬಿನಲ್ಲಿ ಸಹಾಯಕ. ಬೇರು, ತೊಗಟೆ, ಅಣಬೆಗಳ ಸತ್ವವನ್ನು ಸ್ಪಿರಿಟ್ಟಿನಲ್ಲಿ ಇಳಿಸಿ, ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳ ಮೇಲೆ ಹನಿಸಿ, ಎಷ್ಟು ಸತ್ತವು ಅಂತ ಎಣಿಸುವುದು ನನ್ನ ಕೆಲಸ. ಒಂದು ಸಲ ಒಂದು ಅಣಬೆ ಮೂರೇ ದಿನದಲ್ಲಿ ತಟ್ಟೆಯನ್ನೇ ಗುಡಿಸಿ ಹಾಕಿತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ; ನಾನು ಮನೆಗೆ ಓಡಿದೆ.

"ಅಕ್ಕಾ, ಇದನ್ನ ಕುಡಿದರೆ ಕ್ಯಾನ್ಸರ್ ಹತ್ರಾನೂ ಸುಳಿಯಲ್ಲ!"

"ಹೌದೇನೋ ವಿಜ್ಞಾನಿ?" ಅಂತ ನಕ್ಕಳು. ನಗುತ್ತಲೇ ನಂಬಿಬಿಟ್ಟಳು. ಅದೇ ಅಣಬೆ ತರಿಸಿ, ಒಣಗಿಸಿ, ದಿನಾ ಬೆಳಗ್ಗೆ ಒಂದು ಲೋಟ ಕಷಾಯ ಕುದಿಸಿ ಕುಡಿಯತೊಡಗಿದಳು. ಬಂದವರಿಗೆಲ್ಲ "ನನ್ನ ತಮ್ಮ ಕಂಡುಹಿಡಿದಿದ್ದು" ಅಂತ ಡಂಗೂರ ಬೇರೆ. ಆ ವರ್ಷ ಪರೀಕ್ಷೆಗೆ ಹೋಗಲಿಲ್ಲ. "ಇನ್ಯಾಕೆ ಬಿಡೋ" ಅಂದಳು.

ನಾಲ್ಕು ತಿಂಗಳಾದ ಮೇಲೆ ಲ್ಯಾಬಿನ ಮೇಡಂ ಆ ತಟ್ಟೆಯ ಲೆಕ್ಕ ಬರೆದಿದ್ದ ನನ್ನ ಪುಸ್ತಕ ನೋಡಿ ಕೇಳಿದರು, "ಬರೀ ಸ್ಪಿರಿಟ್ ಹಾಕಿದ ಸಾಲು ಎಲ್ಲಪ್ಪ?"

ಅಣಬೆಯೇ ಇಲ್ಲದ ಸಾಲು ದಂಡ ಅಂತ ನಾನು ಬಿಟ್ಟಿದ್ದೆ. ಈಗ ಹಾಕಿ ನೋಡಿದರೆ ಅಲ್ಲೂ ಕೋಶಗಳೆಲ್ಲ ಸತ್ತಿದ್ದವು. ಕೊಂದದ್ದು ನಾನು ಅಳತೆ ಮೀರಿ ಸುರಿದ ಸ್ಪಿರಿಟ್ಟು. ಅಣಬೆ ಏನೂ ಮಾಡಿರಲಿಲ್ಲ. "ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತಲ್ಲಪ್ಪ" ಅಂದರು ಮೇಡಂ.

ಅವತ್ತೇ ಅಕ್ಕನಿಗೆ ಹೇಳಬೇಕಿತ್ತು. ಮನೆಗೆ ಬಂದರೆ ಅವಳು ಪಕ್ಕದ ಮನೆಯವಳ ಎದುರು ನನ್ನನ್ನು ಹೊಗಳುತ್ತಾ ಕೂತಿದ್ದಳು. ನಾಳೆ ಹೇಳಿದರಾಯಿತು ಅಂದುಕೊಂಡೆ. ಥೂ ನನ್ನ ಜನ್ಮಕ್ಕಿಷ್ಟು! ಆ ನಾಳೆ ಒಂದೂವರೆ ವರ್ಷವಾದರೂ ಬರಲಿಲ್ಲ. ಅವಳು ಕುಡಿದಿಟ್ಟ ಲೋಟವನ್ನು ದಿನಾ ತೊಳೆದಿಡುತ್ತಿದ್ದವನೂ ನಾನೇ.

ಕೊನೆಗೆ ಎದೆಯಲ್ಲಿನ ಗಂಟು ಅವಳ ಕೈಗೇ ಸಿಕ್ಕಿತು. ಮಾಡಿದ್ದುಣ್ಣೋ ಮಹಾರಾಯ ಅಂತಾರೆ; ನಮ್ಮನೇಲಿ ಮಾಡಿದವನು ನಾನು, ಉಣ್ಣುತ್ತಿರುವವಳು ಅವಳು.

ಡಾಕ್ಟರು ವರದಿ ನೋಡಿದರು. "ಎರಡು ವರ್ಷ ಯಾಕಮ್ಮ ತಪ್ಪಿಸಿದಿರಿ? ಆಗಲೇ ಬಂದಿದ್ದರೆ ಸಣ್ಣದರಲ್ಲೇ ಮುಗೀತಿತ್ತು." ಆಮೇಲೆ ನನ್ನ ಕಡೆ ತಿರುಗಿದರು. "ನೀವು ಲ್ಯಾಬಿನಲ್ಲಿ ಕೆಲಸ ಮಾಡೋರು. ಒಂದು ಮಾತು ಹೇಳಬಾರದಿತ್ತಾ?"

ಅಕ್ಕ ನನ್ನ ಮೊಣಕೈ ಹಿಡಿದುಕೊಂಡಳು. "ಅವನನ್ನ ಏನೂ ಅನ್ನಬೇಡಿ ಡಾಕ್ಟ್ರೇ. ಅವನು ಹೇಳಿದ ಕಷಾಯ ಕುಡಿದಿದ್ದಕ್ಕೇ ಇಷ್ಟರಲ್ಲಿ ನಿಂತಿದೆ. ಇಲ್ಲದಿದ್ದರೆ ಅಮ್ಮನ ಹಾಗೆ ಯಾವತ್ತೋ ಹೋಗಿರ್ತಿದ್ದೆ. ಹೌದು ತಾನೇನೋ?"

ಡಾಕ್ಟರು ನನ್ನ ಮುಖವನ್ನೇ ನೋಡುತ್ತಿದ್ದರು.

"ಹೂಂ ಅಕ್ಕಾ" ಅಂದೆ.