ಅತ್ತೆಯ ಪದಗಳಿಗೊಂದು ಪೆಟ್ಟಿಗೆ

ನನಗೆ ಕೋಪ ಮೂಗಿನ ತುದಿಯಲ್ಲೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನಾನು ಮಾವನವರ ಮೇಲೆ ಕೂಗಾಡಿದ್ದನ್ನು ಮುಂದೆ ಬರೆಯಬೇಕು, ಆಗ ಓದಿದವರು 'ಅಯ್ಯೋ, ಎಂಥಾ ಸೊಸೆಯಪ್ಪ' ಅನ್ನಬಾರದು. ಅಂದರೂ ತಪ್ಪೇನಿಲ್ಲ ಬಿಡಿ.

ಮಹದೇವಪುರದ ನಮ್ಮ ಮನೆಯ ಕೆಳಗಿನ ಎರಡು ಕೋಣೆ ನನ್ನ ಆಫೀಸು. ಪೀಣ್ಯದ ಸಣ್ಣಪುಟ್ಟ ಕಾರ್ಖಾನೆಗಳಿಗೆ ಬೇಕಾದ ಅಚ್ಚುಗಳ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಮಾಡಿಕೊಡುವುದು ಕೆಲಸ. ಮಹಡಿಯ ಮೇಲೆ ನಾನು, ಗಂಡ, ಮಗಳು, ಅತ್ತೆ, ಮಾವ. ಮಾವ ಸರ್ಕಾರಿ ಕಾರ್ಖಾನೆಯ ಟೂಲ್ ರೂಮಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾದವರು. ಈಗಲೂ ದಿನಾ ಬೆಳಿಗ್ಗೆ ಎಂಟೂವರೆಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಊಟದ ಡಬ್ಬಿ ಹಿಡಿದು, ಹದಿನೆಂಟು ಮೆಟ್ಟಿಲು ಇಳಿದು ಡ್ಯೂಟಿಗೆ ಬರುತ್ತಾರೆ. ಊಟಕ್ಕಾದರೂ ಮೇಲೆ ಬನ್ನಿ ಎಂದರೆ, "ಡ್ಯೂಟಿ ಟೈಮಲ್ಲಿ ಗೇಟ್ ದಾಟ್ಬಾರ್ದಮ್ಮ" ಅನ್ನುತ್ತಾರೆ. ನನ್ನ ನಕ್ಷೆಗಳಲ್ಲಿ ತಪ್ಪು ಹುಡುಕುವುದು ಅವರ ಕೆಲಸ. ತಪ್ಪು ಸಿಗುತ್ತದೆ ಕೂಡ, ನನಗೆ ಉರಿಯುವುದು ಅದಕ್ಕೇ.

ಅತ್ತೆ ಪಟ್ಟಂದೂರು ಅಗ್ರಹಾರದ ಬೇಸಾಯದ ಮನೆಯವರು. ಅವರು ರಾಗಿ ಕಳೆ ಕಿತ್ತ ಹೊಲದಲ್ಲಿ ಈಗ ಗಾಜಿನ ಕಟ್ಟಡಗಳಿವೆ. ಆದರೆ ಬೀಸುವಾಗಿನ ಪದ, ಸೋಬಾನೆ ಪದ, ಹಸೆಗೆ ಕರೆಯುವ ಪದ, ಬೀಗರನ್ನು ಬೈಯುವ ಪದ, ಎಲ್ಲವೂ ಅವರ ಗಂಟಲಲ್ಲಿ ಹಾಗೇ ಇದ್ದವು. ಹೋದ ವರ್ಷ ಆ ಗಂಟಲಿಗೇ ಗಂಟು ಬಂತು. ಡಾಕ್ಟರು, "ಜೀವಕ್ಕೇನೂ ಭಯ ಇಲ್ಲ. ಆದ್ರೆ ಆಪರೇಷನ್ ಆದ್ಮೇಲೆ ದನಿ ಬರುತ್ತೆ ಅಂತ ಮಾತು ಕೊಡಕ್ಕಾಗಲ್ಲ" ಎಂದರು.

ಆಪರೇಷನ್ನಿಗೆ ಒಂದು ವಾರ ಇತ್ತು. ಆ ವಾರವಿಡೀ ಅತ್ತೆ ಅಡುಗೆಮನೆಯ ಬಾಗಿಲು ಹಾಕಿಕೊಂಡು, ಫೋನನ್ನು ಉಪ್ಪಿನ ಜಾಡಿಗೆ ಒರಗಿಸಿ, ತಮಗೆ ಗೊತ್ತಿದ್ದ ಪದಗಳನ್ನೆಲ್ಲ ಹಾಡಿ ತುಂಬಿಸಿದರು. ಒಟ್ಟು ಅರವತ್ತೆರಡು. ಕುಕ್ಕರ್ ಕೂಗಿದರೆ ಅದಕ್ಕೊಂದು ಬೈಗುಳ, ಮತ್ತೆ ಮೊದಲಿನಿಂದ ಹಾಡು.

"ನನ್ ಮೊಮ್ಮಗಳ ಮದ್ವೇಲಿ ಇವನ್ನೇ ಆಕ್ಬೇಕು ಕಣೇ. ಆ ಡಬ್ ಡಬ್ ಆಕುದ್ರೆ ನಾನು ಚಪ್ಪರದಿಂದ ಎದ್ದೋಯ್ತೀನಿ" ಎಂದರು. ಮೊಮ್ಮಗಳಿನ್ನೂ ಒಂಬತ್ತನೇ ಕ್ಲಾಸು.

ಆಪರೇಷನ್ ಚೆನ್ನಾಗಿಯೇ ಆಯಿತು, ದನಿ ಹೋಯಿತು. ಉಳಿದದ್ದು ಒಣ ಎಲೆ ಗುಡಿಸಿದ ಹಾಗಿನ ಒಂದು ಪಿಸುಮಾತು. ಅತ್ತೆಗೆ ಅದು ಬಹಳ ನಾಚಿಕೆ. ನೆಂಟರೆದುರು ಬಾಯಿಯೇ ಬಿಡುತ್ತಿರಲಿಲ್ಲ, ಎಲ್ಲ ಕೈಸನ್ನೆ. ಮಧ್ಯಾಹ್ನ ಒಬ್ಬರೇ ಕೂತು ಫೋನಿನಲ್ಲಿ ತಮ್ಮದೇ ಪದ ಕೇಳಿಸಿಕೊಳ್ಳುತ್ತಿದ್ದರು. ಆ ಹಳೇ ಫೋನು ಒಂದು ದಿನ ಕೈಕೊಟ್ಟರೆ ಗತಿಯೇನು ಎಂದು ನನಗೆ ಒಳಗೇ ಪುಕಪುಕ.

ನನ್ನ ಗಂಡ, "ಎಲ್ಲಾ ಕ್ಲೌಡಿಗೆ ಹಾಕು, ಮುಗೀತು" ಎಂದ. ಅತ್ತೆ ತಲೆಯಾಡಿಸಿ, "ನನ್ ಪದ ಯಾರ್ದೋ ಮನೇಲ್ ಯಾಕಿರ್ಬೇಕು?" ಎಂದು ಪಿಸುಗುಟ್ಟಿದರು. ಗಿರಾಕಿಗಳ ನಕ್ಷೆಗಳನ್ನು ಹೊರಗಿಡಲು ನನಗೂ ಮನಸ್ಸಿರಲಿಲ್ಲ. ಸರಿ, ಮನೆಯಲ್ಲೇ ಒಂದು ಪೆಟ್ಟಿಗೆ ಇಡೋಣ ಎಂದಾಯಿತು. ಒಳಗೆ ಡಿಸ್ಕ್ ಇರುವ, ಮನೆಯ ನೆಟ್ಟಿಗೆ ಸಿಕ್ಕಿಸಿದರೆ ಎಲ್ಲರ ಫೋನು, ಕಂಪ್ಯೂಟರುಗಳ ಸರಕನ್ನೂ ಇಟ್ಟುಕೊಳ್ಳುವ ಪೆಟ್ಟಿಗೆ.

ಖರೀದಿಯ ಜವಾಬ್ದಾರಿ ಮಾವನದು. ದೇವರೇ! ಮೂರು ಅಂಗಡಿಯ ಕೊಟೇಶನ್ ಇಲ್ಲದೆ ಒಂದು ಮೊಳೆಯನ್ನೂ ಕೊಳ್ಳದ ಕಾರ್ಖಾನೆಯಿಂದ ಬಂದವರು. ಗೆರೆ ಹಾಕಿದ ಹಾಳೆಯಲ್ಲಿ ಖಾನೆಗಳನ್ನು ಬರೆದರು: ಡಿಸ್ಕ್ ಎಷ್ಟು, ಫ್ಯಾನಿನ ಸದ್ದು ಎಷ್ಟು, ಗ್ಯಾರಂಟಿ ಎಷ್ಟು ವರ್ಷ, ರಿಪೇರಿ ಎಲ್ಲಿ. ಬೆಲೆ ಬರೆದ ಚೀಟಿಗಳನ್ನು ಮಾತ್ರ ಕವರಿಗೆ ಹಾಕಿ ಗೋಂದು ಹಚ್ಚಿ ಬೀರುವಿನಲ್ಲಿಟ್ಟರು. ಮೊದಲು ಗುಣ ನೋಡಬೇಕು, ಆಮೇಲೆ ಬೆಲೆಯ ಕವರು ಒಡೆಯಬೇಕು, ಅದು ಅವರ ನಿಯಮ. ವೈಟ್‌ಫೀಲ್ಡಿನ ಅಂಗಡಿಯವನು ಸುಸ್ತಾಗಿ, "ಸಾರ್, ಒಂದು ಪೆಟ್ಗೆ ತಗೊಳ್ಳೋಕೆ ಮೆಟ್ರೋ ಟೆಂಡರ್ ಥರ ಕರೀತಿದ್ದೀರಲ್ಲ!" ಎಂದ. ಮಾವ ನಗಲಿಲ್ಲ. "ಇಲ್ಲಿ ಸೀಲ್ ಹಾಕಿಕೊಡಿ" ಎಂದರು.

ಗಂಡನಿಗೆ ಒಂದೇ ಡಿಸ್ಕಿನದು ಸಾಕಿತ್ತು. ನನಗೆ ನಾಲ್ಕರದು ಬೇಕಿತ್ತು, ನಾಳೆ ಕೆಲಸ ಬೆಳೆದರೆ ಇರಲಿ ಎಂದು. ಮಾವ ಎರಡಕ್ಕೆ ಪಟ್ಟು ಹಿಡಿದರು. ಎರಡೂ ಡಿಸ್ಕಿನಲ್ಲಿ ಒಂದೇ ಸರಕು, ಒಂದು ಕೆಟ್ಟರೆ ಇನ್ನೊಂದು.

"ನಮ್ಮಲ್ಲಿ ಅಸಲು ನಕ್ಷೆ ಬೀರುವಲ್ಲಿ, ನಕಲು ಮಿಷಿನ್ ಹತ್ರ. ನಕಲಿಗೆ ಎಣ್ಣೆ ಸುರಿದ್ರೂ ಅಸಲು ಇರ್ತಿತ್ತು. ಇದೂ ಅಷ್ಟೇ ಕಣಮ್ಮ. ನಾಲ್ಕು ತಗೊಂಡು ಎರಡು ಖಾಲಿ ಇಟ್ರೆ ಆಡಿಟ್‌ನೋರು ಕೇಳ್ತಾರೆ."

"ಯಾವ ಆಡಿಟ್‌ನೋರು ಮಾವ? ನಮ್ಮನೇಗಾ?"

"ನಿಮ್ಮತ್ತೆ ಇದ್ದಾಳಲ್ಲ" ಎಂದರು. ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕರು. ಆಪರೇಷನ್ ಆದ ಮೇಲೆ ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು, ಹಾಗಾಗಿ ನಾಲ್ಕರ ಆಸೆ ಬಿಟ್ಟುಕೊಟ್ಟೆ.

ಡಿಸ್ಕಿನಲ್ಲೂ ಎರಡು ಬಗೆ ತೋರಿಸಿದ ಅಂಗಡಿಯವನು. ಒಂದು ಮಾಮೂಲಿ, ಇನ್ನೊಂದು ಹಗಲೂ ರಾತ್ರಿ ಓಡುವ ತಾಕತ್ತಿನದು. ಮಾವ ಎರಡನೆಯದನ್ನೇ ಆರಿಸಿದರು. ಪೆಟ್ಟಿಗೆ ಬಂತು, ಕೆಳಗಿನ ಆಫೀಸಿನ ಮೂಲೆಯಲ್ಲಿ ಕೂತಿತು, ಹಸಿರು ದೀಪ ಮಿಟುಕಿಸಿತು. ನಕ್ಷೆಗಳು ಹಗಲಲ್ಲೇ ಅದಕ್ಕೆ ಹೋಗುವಂತೆ ಮಾಡಿದೆ. ಹಗಲು ನೆಟ್ ನಿಧಾನವಾದೀತೆಂದು ಮನೆಯವರ ಫೋನುಗಳ ಸರಕು ಮಾತ್ರ ರಾತ್ರಿ ಒಂದು ಗಂಟೆಗೆ ತಾನಾಗಿ ನಕಲಾಗಲಿ ಎಂದು ಹೊತ್ತು ಗೊತ್ತುಮಾಡಿದೆ.

ನಾವು ಎಡವಿದ್ದು ಇಲ್ಲೇ. ಮಾವ ದಿನಾ ರಾತ್ರಿ ಎಂಟಕ್ಕೆ ಕಿಟಕಿ ಹಾಕಿ, ಆಫೀಸಿನ ಮೇನ್ ಸ್ವಿಚ್ಚನ್ನು ಟಪ್ ಎಂದು ಇಳಿಸಿ, ಬೀಗವನ್ನು ಮೂರು ಸಲ ಜಗ್ಗಿ ನೋಡಿ ಮೇಲೆ ಬರುವವರು. ಕೊನೆಗೆ ಹೊರಡುವವನು ಮೇನ್ ಇಳಿಸಬೇಕು ಎಂಬುದು ಕಾರ್ಖಾನೆಯ ಪಾಠ. ಆ ಟಪ್ ಸದ್ದನ್ನು ನಾನೂ ವರ್ಷಗಳಿಂದ ಕೇಳಿದ್ದೇನೆ. ಕೇಳಿದರೂ, ಅದರೊಂದಿಗೆ ಪೆಟ್ಟಿಗೆಯೂ ಆರಿಹೋಗುತ್ತದೆಂದು ನನ್ನ ಮಂಡೆಗೆ ಹೊಳೆಯಲಿಲ್ಲ. ರಾತ್ರಿ ಒಂದು ಗಂಟೆಗೆ ಅಲ್ಲಿ ಕರೆಂಟೇ ಇರುತ್ತಿರಲಿಲ್ಲ. ಬೆಳಿಗ್ಗೆ ಮೇನ್ ಏರಿಸಿದರೆ ಮತ್ತೆ ಹಸಿರು ದೀಪ, ನನಗೆ ಮತ್ತೆ ನೆಮ್ಮದಿ. ಒಂದೇ ಒಂದು ಸಲ ತೆರೆದು ನೋಡಿದ್ದರೆ ಗೊತ್ತಾಗುತ್ತಿತ್ತು, ನಾನು ನೋಡಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಅತ್ತೆಯ ಫೋನು ಬಿದ್ದು ಗಾಜು ಒಡೆಯಿತು. ಹಳೆಯದನ್ನು ಕೊಟ್ಟು ಹೊಸದು ತಗೊಳ್ಳೋಣ ಎಂದು ಕಾಡುಗೋಡಿಯ ಅಂಗಡಿಗೆ ಹೋದೆ. ಅಲ್ಲಿಯ ಹುಡುಗಿ, "ಮೇಡಂ, ಒಳಗಿರೋದೆಲ್ಲ ತೆಗೆದಿಟ್ಕೊಂಡಿದ್ದೀರ ತಾನೇ?" ಎಂದು ಎರಡು ಸಲ ಕೇಳಿದಳು.

"ಎಲ್ಲಾ ಮನೇಲಿ ಪೆಟ್ಗೇಲಿದೆ" ಎಂದು ಜಂಬದಿಂದ ಹೇಳಿ, ಅಳಿಸುವ ಗುಂಡಿಯನ್ನು ನಾನೇ ಒತ್ತಿದೆ.

ಅದಾಗಿ ನಾಲ್ಕನೇ ದಿನ, ಗೌರಿ ಹಬ್ಬದ ಬೆಳಿಗ್ಗೆ ಅತ್ತೆ ಹೊಸ ಸೀರೆ ಉಟ್ಟು ಬಂದು, "ಒಂದ್ ಪದ ಆಕೇ" ಎಂದರು. ಪೆಟ್ಟಿಗೆಯಲ್ಲಿ ಅವರಿಗೆಂದು ಇಟ್ಟಿದ್ದ ಖಾನೆಯನ್ನು ಕಂಪ್ಯೂಟರಿನಲ್ಲಿ ತೆರೆದೆ. ಖಾಲಿ. ಬೇರೆಲ್ಲಾದರೂ ಇದೆಯೇ ಎಂದು ಹುಡುಕಿದೆ. ಎಲ್ಲೂ ಇಲ್ಲ. ಸ್ಕೂಟರ್ ಏರಿ ಕಾಡುಗೋಡಿಗೆ ಓಡಿದೆ. ಫೋನು ಅಷ್ಟರಲ್ಲೇ ಎಲ್ಲಿಗೋ ಸಾಗಿಹೋಗಿತ್ತು, ಹೋಗದಿದ್ದರೂ ಒಳಗೇನೂ ಉಳಿದಿರುತ್ತಿರಲಿಲ್ಲ.

ವಾಪಸ್ ಬಂದು, ಪೆಟ್ಟಿಗೆ ತಾನಾಗಿ ಬರೆದಿಟ್ಟುಕೊಳ್ಳುವ ದಿನಚರಿ ತೆಗೆದು ನೋಡಿದರೆ, ದಿನಾ ರಾತ್ರಿ ಎಂಟು ಗಂಟೆಗೆ ಕರೆಂಟು ಹೋಗಿದೆ. ನೆತ್ತಿಗೇರಿತು.

"ಮಾವ, ನೀವು ಫ್ಯಾಕ್ಟ್ರಿ ಬಿಟ್ಟು ಹನ್ನೊಂದು ವರ್ಷ ಆಯ್ತು! ಆ ದರಿದ್ರ ಸ್ವಿಚ್ಚಿಗೆ ಒಂದಿನ ಕೈ ಹಾಕ್ದೆ ಇದ್ದಿದ್ರೆ ಏನಾಗ್ತಿತ್ತು? ಅತ್ತೆ ದನೀನೇ ಕಳೆದುಬಿಟ್ರಲ್ಲ ನೀವು!"

ಮಾವ ಕುರ್ಚಿಯಿಂದ ಎದ್ದು ನಿಂತರು, ಮೇಲಧಿಕಾರಿಯ ಮುಂದೆ ನಿಂತಂತೆ. "ಓಡೋ ತಾಕತ್ತಿದೆ ಅಂದ್ರೆ ಓಡಿಸಲೇಬೇಕು ಅಂತ ಗೊತ್ತಾಗ್ಲಿಲ್ಲಮ್ಮ. ಲೇತ್ ಮಿಷಿನ್ನೂ ಹಗಲೂ ರಾತ್ರಿ ಓಡುತ್ತೆ. ಶಿಫ್ಟ್ ಮುಗಿದ್ಮೇಲೆ ಇಳಿಸ್ತೀವಿ" ಎಂದರು. ಮೆಲ್ಲಗೆ ಮೆಟ್ಟಿಲು ಹತ್ತಿ ಹೋದರು.

ಅವರ ಮಾತಿನಲ್ಲಿ ತಪ್ಪೇನಿತ್ತು? ಹೊತ್ತು ಗೊತ್ತುಮಾಡಿದವಳು ನಾನು, ಅವರಿಗೆ ಹೇಳದವಳು ನಾನು, ಗುಂಡಿ ಒತ್ತಿದವಳೂ ನಾನೇ. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮರುದಿನ ಎಂಟೂವರೆಗೆ ಮಾವ ಕೆಳಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಎಲೆಕ್ಟ್ರಿಷಿಯನ್ ಬಂದು, ಮೇನ್ ಇಳಿಸಿದರೂ ಆರದಂತೆ ಪೆಟ್ಟಿಗೆಗೆ ಬೇರೆಯೇ ವೈರು ಎಳೆದುಕೊಟ್ಟು ಹೋದ. ಆಫೀಸಿನಲ್ಲಿ ಒಬ್ಬಳೇ ಕೂತು ಕಣ್ಣೀರು ಹಾಕಿದೆ. ಅಷ್ಟು ಒಳ್ಳೆಯ ಮನುಷ್ಯನಿಗೆ ಹಾಗಂದೆನಲ್ಲ ಎಂಬ ಸಂಕಟ.

ಮೂರನೆಯ ದಿನ ತಪ್ಪಾಯಿತು ಎನ್ನಲು ಮೇಲೆ ಹೋದೆ. ಅಡುಗೆಮನೆಯಿಂದ ಒಂದು ಭೀಕರ ಸದ್ದು ಬರುತ್ತಿತ್ತು. ಇಣುಕಿದರೆ, ಮಾವ ಹಾಡುತ್ತಿದ್ದಾರೆ! ಅತ್ತೆ ಹಾಡುವಾಗೆಲ್ಲ ಪೇಪರು ಅಡ್ಡ ಹಿಡಿದು ಕೂರುತ್ತಿದ್ದ ಮನುಷ್ಯ, ಹಸೆಗೆ ಕರೆಯುವ ಪದವನ್ನು ಒಂದು ಸಾಲೂ ಬಿಡದೆ ಹೇಳುತ್ತಿದ್ದಾರೆ. ನಲವತ್ತು ವರ್ಷ ಕೇಳಿಸಿಕೊಂಡಿದ್ದಾರೆ, ಕಳ್ಳ ಮಾವ. ಪದವೇನೋ ಸರಿ, ರಾಗ ಮಾತ್ರ ಎಲ್ಲೆಲ್ಲಿಗೋ ಹೋಗುತ್ತಿತ್ತು.

ಅತ್ತೆ ಹಣೆ ಚಚ್ಚಿಕೊಂಡು, "ಅಂಗಲ್ಲ ಕಣ್ರೀ! ಇಂಗೆ!" ಎಂದು ಪಾತ್ರೆಯ ಕಂಠಕ್ಕೆ ಬೆರಳು ಬಡಿದು ತಾಳ ಹಾಕಿದರು. ಅದೂ ಸಾಲದೆ, ತಡೆಯಲಾರದೆ, ಆ ಸಾಲನ್ನು ತಾವೇ ಪಿಸುದನಿಯಲ್ಲಿ ಹಾಡಿ ತೋರಿಸಿದರು. ಮಾವ ಹಾಡುತ್ತಿದ್ದಾಗಲೇ ನಾನು ಬಾಗಿಲ ಬಳಿ ನಿಂತು ಸದ್ದಿಲ್ಲದೆ ನನ್ನ ಫೋನಿನ ರೆಕಾರ್ಡಿಂಗ್ ಒತ್ತಿದ್ದೆ.

ಪದ ಮುಗಿದ ಮೇಲೆ, "ಮಾವ, ತಪ್ಪಾಯ್ತು" ಎಂದೆ.

"ಆಮೇಲೆ ಹೇಳಮ್ಮ, ಇನ್ನೂ ಅರವತ್ತೊಂದಿದೆ" ಎಂದರು. ಅವರ ಕಣ್ಣು ಕೆಂಪಾಗಿತ್ತು. ನಾನು ಬಗ್ಗಿ ಅವರ ಕಾಲು ಮುಟ್ಟಿದೆ.

ರೆಕಾರ್ಡ್ ಮಾಡಿದ್ದೇನೆಂದು ಅತ್ತೆಗೆ ಹೇಳಲು ನನಗೆ ಭಯ. ಮುಚ್ಚಿಡಲೂ ಆಗದು. ಫೋನನ್ನು ಅವರ ಮುಂದಿಟ್ಟು ರೆಕಾರ್ಡಿಂಗ್ ಹಾಕಿದೆ. ಮೊದಲು ಮಾವನ ಗೊಗ್ಗರು ದನಿ. ಆಮೇಲೆ ತಾಳ. ಅದರ ಹಿಂದೆಯೇ ಅತ್ತೆಯ ಪಿಸುದನಿ, ಒಂದಿಡೀ ಸಾಲು. ಅತ್ತೆಯ ಮುಖ ಬಿಗಿಯಿತು. ಫೋನನ್ನು ಕೈಗೆತ್ತಿಕೊಂಡು ಕಿವಿಗೆ ಒತ್ತಿ ಹಿಡಿದರು. ಇನ್ನೊಂದು ಸಲ ಹಾಕು ಎಂದು ಸನ್ನೆ ಮಾಡಿದರು. ಹಾಕಿದೆ. ಮಾವ ನೆಲ ನೋಡುತ್ತಾ ಕೂತಿದ್ದರು. ಅಳಿಸಿಬಿಡು ಅನ್ನುತ್ತಾರೆಂದೇ ನಾನು ಕಾಯುತ್ತಿದ್ದೆ.

"ಪರ್ವಾಗಿಲ್ಲ ಕಣೇ" ಎಂದರು ಅತ್ತೆ. "ಕೇಳಿಸ್ತದೆ."