ಮೈದುನನ ನಂಬರು

ರೋಗಿಯ ಗುಟ್ಟು ರೋಗಿಯದೇ ಆಗಿರಬೇಕು ಎಂಬ ವಾದವನ್ನು ನಾನು ಒಂದು ಕಾಲದಲ್ಲಿ ಬಹಳ ಚೆನ್ನಾಗಿ ಮಂಡಿಸುತ್ತಿದ್ದೆ. ಎದುರಾಳಿಯ ಆಕ್ಷೇಪವನ್ನು ಅವನಿಗಿಂತ ಮೊದಲು ತಾನೇ ಎತ್ತಿ ಮುರಿದುಬಿಡುವುದು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತ ವಿದ್ಯೆ. ಆರ್.ಟಿ. ನಗರದ ಬೇಕರಿಯೊಂದರ ಮೇಲಿನ ಮಹಡಿಯಲ್ಲಿದ್ದ ನಮ್ಮ ಸಣ್ಣ ಕಂಪನಿ, 2016ರ ಸುಮಾರಿಗೆ, ರಕ್ತಪರೀಕ್ಷೆಯ ಲ್ಯಾಬೊಂದಕ್ಕೆ ಮೊಬೈಲ್ ಆ್ಯಪ್ ಮಾಡಿಕೊಡುತ್ತಿತ್ತು. ರೋಗಿಗಳ ಮಾಹಿತಿ ಸೋರದಂತೆ ಕಾಯುವ ಹೊಣೆ ನನ್ನದು.

ಆ ಲ್ಯಾಬಿನ ಶಾಖೆಗಳಲ್ಲಿ ರಿಪೋರ್ಟುಗಳನ್ನು ಕೌಂಟರಿನ ಮೇಲೆ ಖಾಲಿ ಸ್ವೀಟ್ ಡಬ್ಬದಲ್ಲಿ ಜೋಡಿಸಿಡುತ್ತಿದ್ದರು. ಬಂದವರು ತಾವೇ ಹುಡುಕಿಕೊಳ್ಳಬೇಕು. ತಮ್ಮದು ಸಿಗುವಷ್ಟರಲ್ಲಿ ಅರ್ಧ ಬೀದಿಯ ಸಕ್ಕರೆ ಕಾಯಿಲೆ ತಿಳಿದುಹೋಗಿರುತ್ತಿತ್ತು. ಆ ಡಬ್ಬವನ್ನು ತೆಗೆಸಲು ಮೂರು ಸಭೆಗಳಲ್ಲಿ ಮಾತಾಡಿದೆ. ಕಾಗದವೇ ಬೇಡ, ನೋಂದಾಯಿಸಿದ ಮೊಬೈಲಿಗೆ ಮಾತ್ರ ರಿಪೋರ್ಟು ಹೋಗಲಿ ಎಂದೆ. ಡಾಕ್ಟರು ಸಹಿ ಒತ್ತಿದ ಕ್ಷಣವೇ ಹೋಗಲಿ, ಮಧ್ಯೆ ಯಾರ ಕೈಯೂ ಇರದಿರಲಿ. ನಂಬರು ಬದಲಿಸಬೇಕಾದರೆ ಹಳೆಯ ನಂಬರಿಗೇ ಒಟಿಪಿ ಹೋಗಲಿ ಎಂದೆ. ಎಲ್ಲವನ್ನೂ ಒಪ್ಪಿದರು.

ಹೊಸ ಪದ್ಧತಿ ಹೇಗೆ ನಡೆದಿದೆಯೆಂದು ನೋಡಲು ಒಂದು ಮಧ್ಯಾಹ್ನ ಚಿಕ್ಕಬಾಣಾವರದ ಶಾಖೆಗೆ ಹೋದೆ. ಕೌಂಟರಿನಲ್ಲಿದ್ದ ನಡುವಯಸ್ಸಿನ ಹೆಂಗಸು ತಲೆಯೆತ್ತಿ, "ಬನ್ನಿ ಸಾರ್. ನೀವು ಡಬ್ಬ ಎತ್ಕೊಂಡ್ ಹೋದ್ಮೇಲೆ ನಂಗೆ ಊರಿನ್ ಸಮಾಚಾರಾನೇ ಗೊತ್ತಾಗ್ತಿಲ್ಲ" ಎಂದರು.

ಅಷ್ಟರಲ್ಲಿ ಗಾರ್ಮೆಂಟ್ಸ್‌ನ ಗುರುತಿನ ಚೀಟಿಯನ್ನು ಕೊರಳಲ್ಲಿ ಹಾಕಿಕೊಂಡಿದ್ದ ಯುವತಿಯೊಬ್ಬಳು ಒಳಗೆ ಬಂದಳು. ಬೆಳಿಗ್ಗೆ ರಕ್ತ ಕೊಟ್ಟು ಕೆಲಸಕ್ಕೆ ಹೋಗಿದ್ದವಳು, ಅರ್ಧ ದಿನದ ರಜೆ ಹಾಕಿ ಬಂದಿದ್ದಳು.

"ಪೇಪರ್ ಕೊಟ್ಬಿಡಕ್ಕ, ಓಗ್ತೀನಿ."

"ಪೇಪರ್ ಇಲ್ಲ ಕಣಮ್ಮ ಈಗ. ನಾಲ್ಕು ಗಂಟೆಗೆ ಡಾಕ್ಟ್ರು ಸಹಿ ಮಾಡ್ತಾರೆ, ಮೊಬೈಲ್‌ಗೇ ಬರತ್ತೆ."

ಅವಳು ತನ್ನ ಕೀಪ್ಯಾಡ್ ಫೋನನ್ನು ಎತ್ತಿ ತೋರಿಸಿದಳು. "ಇದಕ್ಕಾ?"

ಕೌಂಟರಿನವರು ಪರದೆಯಲ್ಲಿದ್ದ ನಂಬರನ್ನು ಓದಿದರು. ಯುವತಿ ಎತ್ತಿ ಹಿಡಿದಿದ್ದ ಫೋನನ್ನು ಕೆಳಗಿಳಿಸಿದಳು. "ಅದು ನಮ್ ಮೈದುನಂದು. ಮದ್ವೆಯಾದ್ ಹೊಸದ್ರಲ್ಲಿ ಮನೇಲಿ ದೊಡ್ ಫೋನ್ ಇದ್ದಿದ್ದು ಅವನೊಬ್ಬನತ್ರಾನೇ. ಇಲ್ಲೂ ಎಲ್ರಿಗೂ ಅದನ್ನೇ ಬರ್ಸಿದ್ರು."

ಆಮೇಲೆ ಅವಳು ತಗ್ಗಿದ ದನಿಯಲ್ಲಿ ಹೇಳಿದ್ದು ಆ ಇಕ್ಕಟ್ಟಿನ ಕೋಣೆಯಲ್ಲಿ ನನಗೂ ಕೇಳಿಸಿತು. ಅದು ಬಸಿರಿನ ಪರೀಕ್ಷೆ. ಹಿಂದೆ ಎರಡು ಸಲ ಬಸಿರು ನಿಂತು, ಆಮೇಲೆ ಇಳಿದುಹೋಗಿತ್ತು. ಎರಡು ಸಲವೂ ಅತ್ತೆಮನೆಯವರು ಮೊದಲ ವಾರವೇ ನೆಂಟರಿಗೆಲ್ಲ ಸಾರಿದ್ದರು. ಹೋದ ಮೇಲೆ ಮನೆಮನೆಗೂ ಉತ್ತರ ಕೊಟ್ಟವಳು ಇವಳು. "ಈ ಸಲ ಮೂರ್ ತಿಂಗ್ಳು ಯಾರ್ಗೂ ಬ್ಯಾಡ ಅಂತಿದ್ದೆ ಕಣಕ್ಕ. ನಮ್ಮನೆಯವ್ರಿಗೆ ಮಾತ್ರ, ಅದೂ ನಾನೇ ಯೋಳ್ಬೇಕು ಅಂತ."

"ನಂಬರ್ ಚೇಂಜ್ ಮಾಡ್ಕೊಡಿ ಸಾರ್" ಎಂದು ಕೌಂಟರಿನವರು ನನ್ನ ಕಡೆ ತಿರುಗಿದರು. ಮೈದುನನ ಫೋನಿಗೆ ಬರುವ ಒಟಿಪಿಯನ್ನು ಕೇಳಿ ತಿಳಿದುಕೊಳ್ಳಬೇಕು ಎಂದೆ.

"ಅವನನ್ನ ಕೇಳೋದೂ ಒಂದೇ, ಮೈಕ್ ಆಕ್ಸೋದೂ ಒಂದೇ" ಎಂದಳು ಯುವತಿ.

ಗಡಿಯಾರದಲ್ಲಿ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಆಫೀಸಿಗೆ ಫೋನು ಮಾಡಿ, ಈ ಒಂದು ರಿಪೋರ್ಟನ್ನು ತಡೆಯಿರಿ ಎಂದೆ. ಸಹೋದ್ಯೋಗಿ ನಕ್ಕ. "ತಡೆಯೋಕೆ ಬಟನ್ನೇ ಇಟ್ಟಿಲ್ವಲ್ಲ ಗುರುಗಳೇ. ಮಧ್ಯೆ ಯಾರ ಕೈಯೂ ಇರಬಾರದು ಅಂತ ಅರ್ಧ ಗಂಟೆ ಭಾಷಣ ಮಾಡಿದ್ದು ನೀವೇ." ಡಾಕ್ಟರಿಗೆ ಎರಡು ಸಲ ಕರೆ ಮಾಡಿದೆ. ಅವರು ಎತ್ತಲಿಲ್ಲ, ಸಹಿ ಒತ್ತುತ್ತ ಕೂತಿದ್ದರೋ ಏನೋ.

ನಾಲ್ಕು ಗಂಟೆ ಆಗಿ ಸ್ವಲ್ಪ ಹೊತ್ತಿಗೆ ಅವಳ ಫೋನು ಹೊಡೆದುಕೊಂಡಿತು, ಮನೆಯಿಂದ. ಊಂ, ಊಂ ಎನ್ನುತ್ತ ಕೇಳಿಸಿಕೊಂಡು, ಕೌಂಟರಿನವರ ಕಡೆ ನೋಡಿದಳು.

"ಆಗೈತಂತೆ. ಅತ್ತೆ ಆಗ್ಲೇ ಅವ್ರ ತಂಗಿ ಮನೆಗೆ ಫೋನ್ ಮಾಡವ್ರಂತೆ."

ನಾನು ನಿಯಮವನ್ನು ಬದಲು ಮಾಡಿಸುವುದಾಗಿ ಹೇಳಿದೆ. "ಮಾಡ್ಸಿ ಸಾರ್" ಎಂದಳು, ಕೋಪವಿಲ್ಲದೆ. ಬಾಗಿಲ ಬಳಿ ನಿಂತು ಗಂಡನ ನಂಬರು ಒತ್ತಿದಳು. ಕಿವಿಗೆ ಹಿಡಿದು ಕಾದಳು. ಮತ್ತೊಮ್ಮೆ ಒತ್ತಿದಳು. "ಬಿಜಿ ಬತ್ತೈತೆ" ಎಂದು, ಫೋನನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು.

ಮುಂದಿನ ತಿಂಗಳುಗಳಲ್ಲಿ ಸಭೆಗಳಲ್ಲಿ ನನ್ನದೇ ವಾದಗಳ ವಿರುದ್ಧ ನಾನು ಮಾತಾಡಬೇಕಾಯಿತು. ಬೇರೆಯವರು ಅವನ್ನು ನನ್ನ ಮಾತುಗಳಲ್ಲೇ, ನನ್ನ ಉದಾಹರಣೆಗಳೊಂದಿಗೇ ಒಪ್ಪಿಸುತ್ತಿದ್ದರು; ಅವನ್ನು ಮುರಿಯುವುದು ನನ್ನಿಂದಾಗಲಿಲ್ಲ. ಕೊನೆಗೆ ಒಂದೇ ಒಂದು ಬದಲಾವಣೆಗೆ ಒಪ್ಪಿದರು: ರಕ್ತ ತೆಗೆಯುವ ಮೊದಲು, ಈ ನಂಬರು ನಿಮ್ಮದೇ ಏನು ಎಂದು ಕೇಳಬೇಕು. ಹೌದು, ಇಲ್ಲ ಎಂಬ ಎರಡು ಗುಂಡಿ.

ಕೆಲವು ವಾರಗಳ ನಂತರ, ಹೇಗೆ ನಡೆದಿದೆಯೆಂದು ಕೌಂಟರಿನವರಿಗೆ ಫೋನು ಮಾಡಿ ವಿಚಾರಿಸಿದೆ.

"ಕೇಳ್ತೀನಿ ಸಾರ್, ತಪ್ಪಿಸಲ್ಲ" ಎಂದರು. "ಹೆಂಗಸ್ರು 'ಮನೇದು' ಅಂತಾರೆ. ಅದಕ್ಕೆ ಯಾವ್ ಗುಂಡಿ ಒತ್ಲಿ ಹೇಳಿ."